ಹೊರಸಿನ ಕೆಳಗಿನ ಕಾವಲುಗಾರ

ನಾಯಿ ಸಾಕಿದ ಮನೆಯಲ್ಲಿ ನಗುವಂಥದ್ದು ಆಗಾಗ ನಡೆಯುತ್ತದೆ. ಅಂಜುಬುರುಕ ನಾಯಿ ಸಾಕಿದ ಮನೆಯಲ್ಲಿ ಮಾತ್ರ ಅದು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಶುರುವಾಗುತ್ತದೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಆಗ ನಾನು ದೇವದುರ್ಗದಲ್ಲಿ ನರ್ಸ್ ಆಗಿದ್ದೆ. ನರ್ಸ್ ಎಂದರೆ ಬಿಳಿ ಟೋಪಿ ಹಾಕಿಕೊಂಡು ದೊಡ್ಡ ಆಸ್ಪತ್ರೆಯಲ್ಲಿ ಓಡಾಡುವ ನರ್ಸ್ ಅಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಹಳ್ಳಿಹಳ್ಳಿಗೆ ಹೋಗಿ, ಹೆರಿಗೆ ಮಾಡಿಸಿ, ಮಕ್ಕಳಿಗೆ ಸೂಜಿ ಹಾಕಿ ಬರುವ ನರ್ಸ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ. ಹೆರಿಗೆಯ ರಿಜಿಸ್ಟರು ಬಿಟ್ಟರೆ ನಾನು ಇದುವರೆಗೆ ಏನನ್ನೂ ಬರೆದವಳಲ್ಲ. ಅದರಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿರಲಿಲ್ಲ. ಅದೇ ರೂಢಿ ಇಲ್ಲಿಗೂ ಬಂದಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವ್ವನ ಕರಾರು

ಮೊದಮೊದಲು ದೇವದುರ್ಗದಲ್ಲಿ ನನ್ನ ಸಂಗಡ ಅಜ್ಜಿ ಇದ್ದಳು. ಆಮೇಲೆ ಅವಳಿಗೆ ಕಣ್ಣು ಮಂಜಾಗಿ ಕಾಕಾನ ಮನೆಗೆ ಹೋದಳು. ನಾನೊಬ್ಬಳೇ ಉಳಿದೆ. ಇದು ಮಾನ್ವಿಯಲ್ಲಿದ್ದ ನಮ್ಮ ಅವ್ವನ ಕಿವಿಗೆ ಬಿದ್ದದ್ದೇ ತಡ, ಮರುದಿನದ ಬಸ್ಸಿಗೇ ಬಂದು ಇಳಿದಳು.

"ಮದುವಿ ಆಗದ ಹುಡುಗಿ ಒಬ್ಬಾಕೀನ ಹೆಂಗಿರ್ತಿ? ಸಾಕು ನೌಕರಿ. ಗಂಟು ಕಟ್ಟು, ನಡಿ ಮಾನ್ವಿಗೆ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ತಿಂಗಳ ಸಂಬಳದ ನೌಕರಿ ಮೊದಲು ಹಿಡಿದವಳು ನಾನು. ಮಂದಿಯ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳೂ ಇದೇ ಅವ್ವ. ಅಂದಮೇಲೆ ನೌಕರಿ ಬಿಡಿಸಲು ಅವಳಿಗೂ ಮನಸ್ಸಿಲ್ಲ. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋದರೆ ನಿದ್ದೆಯಿಲ್ಲ. ಸಂಜೆಯತನಕ ಕೂತು ಯೋಚಿಸಿ ಒಂದು ಕರಾರು ಹಾಕಿದಳು.

"ಕುರ್ಡಿ ಕಡಿ ಕುರಿ ಕಾಯೋ ನಾಯಿ ಅದಾವ. ತೋಳ ಬಂದ್ರೂ ಹಿಂದಕ್ಕ ಸರಿಯಂಗಿಲ್ಲ. ಅಂಥಾದೊಂದು ತಂದು ಸಾಕು. ಶೇರ್ಯಾ ಅಂತ ಹುಲಿ ಹೆಸರ ಇಡು. ಉಗಾದಿ ಮುಂದ ಬಂದು ನೋಡ್ತೀನಿ. ನಾಯಿ ಗಟ್ಟಿ ಆಗಿದ್ರ ನೌಕರಿ ಮಾಡು, ಇಲ್ಲಂದ್ರ ನಿನ್ನ ಪೆಟ್ಟಿಗಿ ನಾನ ಹೊತಗೊಂಡು ಹೋಗ್ತೀನಿ."

ಕುರ್ಡಿಯ ಕುರಿ ಹಟ್ಟಿಗೆ ಹೋದೆ. ಮರಿಗಳೆಲ್ಲಾ ನನ್ನನ್ನು ಕಂಡು ಮೈಮೇಲೆ ಬರುವಂತೆ ಬೊಗಳಿದವು. ಒಂದು ಮಾತ್ರ ಮಡಚಿಟ್ಟ ಕಂಬಳಿಯ ಸಂದಿಯಲ್ಲಿ ಮೂತಿ ತೂರಿಸಿಕೊಂಡು, ಬೆನ್ನು ಹೊರಗೆ ಬಿಟ್ಟು ಕೂತಿತ್ತು. ನಾನು ಅದನ್ನೇ ಎತ್ತಿಕೊಂಡೆ. ಬುದ್ಧಿ ಇದ್ದವರು ಯಾರೂ ಹಾಗೆ ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಹೆರಿಗೆ ಮಾಡಿಸುವವರ ಕೈ ಅಳುವ ಕೂಸಿಗಿಂತ ಅಳದ ಕೂಸಿನ ಕಡೆಗೇ ಮೊದಲು ಹೋಗುತ್ತದೆ. ನಮ್ಮ ಕಡೆ ನರ್ಸಿಗೆ ಬಾಯಾರ ಎನ್ನುತ್ತಾರೆ. ಕುರಿ ಕಾಯುವ ಯಜಮಾನ, "ಬಾಯಾರ, ಅದು ಭಾಳ ಸಾಧು ಅದ್ರಿ," ಎಂದು ಮೂರು ಸಲ ಹೇಳಿದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲ ನೋಡಿದ. "ಏನ್ರಿ ಅದು, ಅಲಗಾಡಾಕತ್ತದ?"

"ನಾಯಿಮರಿರಿ."

"ಬೊಗಳಂಗಿಲ್ಲೇನು?"

"ಇನ್ನಾ ಇಲ್ರಿ. ಮನಿ ಕಾಯಾಕ ಒಯ್ಯಾಕತ್ತೀನಿ."

ಕಂಡಕ್ಟರ್ ಚೀಲದ ಬಾಯಿ ತೆರೆದು ಒಳಗೆ ಇಣುಕಿದ. ಶೇರ್ಯಾ ಎರಡೂ ಮುಂಗಾಲು ಕಣ್ಣಿನ ಮೇಲೆ ಇಟ್ಟುಕೊಂಡು ನಡುಗುತ್ತಿತ್ತು. ಆತ ಮೆಲ್ಲಗೆ ಚೀಲ ಮುಚ್ಚಿದ.

"ಇರ್ಲಿ ಬಿಡ್ರಿ ಬಾಯಾರ. ಮನೀನ ಇದನ್ನ ಕಾಯತದ."

ಮೇಷ್ಟ್ರ ಪಾಠ

ಶೇರ್ಯಾ ಯಾವುದಕ್ಕೆ ಅಂಜುತ್ತಿತ್ತು ಎಂದು ಕೇಳಿದವರಿಗೆ ನಾನು ಯಾವುದಕ್ಕೆ ಅಂಜುತ್ತಿರಲಿಲ್ಲ ಎಂದು ಹೇಳುತ್ತಿದ್ದೆ, ಅದು ಬೇಗ ಮುಗಿಯುತ್ತಿತ್ತು. ಬಿಚ್ಚಿದ ಛತ್ರಿ, ಗಾಳಿಗೆ ಅಲುಗುವ ಸೀರೆ, ಸೂಜಿ ಕುದಿಸುವ ಪಾತ್ರೆಯ ಮುಚ್ಚಳ, ಪಕ್ಕದ ಮನೆಯ ಹೇಂಟೆ, ಎಲ್ಲಕ್ಕೂ ಅಂಜಿಕೆ. ಎಲ್ಲಕ್ಕಿಂತ ಹೆಚ್ಚು ಅಂಜಿಕೆ ರೊಟ್ಟಿ ಬಡಿಯುವ ಸದ್ದಿಗೆ. ನಮ್ಮ ಕಡೆ ಬೆಳಗಾದರೆ ಪ್ರತಿ ಮನೆಯಿಂದಲೂ ಜೋಳದ ರೊಟ್ಟಿ ಬಡಿಯುವ ಪಟಪಟ ಸದ್ದು ಬರುತ್ತದೆ. ಆ ಸದ್ದು ಓಣಿಯ ಈ ತುದಿಯಲ್ಲಿ ಶುರುವಾದರೆ ಶೇರ್ಯಾ ನನ್ನ ಹೊರಸಿನ ಕೆಳಗೆ ಸೇರುತ್ತಿತ್ತು. ಆ ತುದಿಯ ಕೊನೆಯ ಮನೆಯ ಒಲೆ ಆರಿದ ಮೇಲೆಯೇ ಹೊರಗೆ ಬರುತ್ತಿತ್ತು. ಹೊರಸು ಎಂದರೆ ನುಲಿ ಹೆಣೆದ ಮಂಚ. ಅದು ತಿಳಿಯದಿದ್ದರೆ ಈ ಕಥೆಯಲ್ಲಿ ಏನೂ ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ.

ಪಕ್ಕದ ಮನೆಯಲ್ಲಿ ಒಬ್ಬರು ಮುದುಕಿ ಇದ್ದರು. ಇಡೀ ಓಣಿ ಅವರನ್ನು ಖಾಲಾ ಎನ್ನುತ್ತಿತ್ತು. ಅವರ ಹೇಂಟೆ ಒಂದು ದಿನ ಶೇರ್ಯಾನನ್ನು ಅಂಗಳದಿಂದ ಅಡುಗೆಮನೆಯವರೆಗೆ ಅಟ್ಟಿಸಿಕೊಂಡು ಬಂತು. ಖಾಲಾ ಹೇಂಟೆಯನ್ನು ಎತ್ತಿಕೊಂಡು ಹೇಳಿದರು: "ಬೇಟಿ, ನಿಮ್ಮ ಅವ್ವ ಬರೋತನಕ ನನ್ನ ಕೋಳಿ ನಿನ್ನ ಮನ್ಯಾಗ ಇಟಗೋ. ಕಾಯತದ."

ಎದುರು ಮನೆಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು ಇದ್ದರು. ಕಲಿಸಿದರೆ ಕಲಿಯದ ಜೀವವೇ ಇಲ್ಲ ಎಂಬುದು ಅವರ ನಂಬಿಕೆ. "ನರ್ಸಬಾಯಿ, ಅದಕ್ಕ ಬೊಗಳಾಕ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟ. ನಾ ತೋರಸ್ತೀನಿ," ಎಂದರು.

ಮರುದಿನ ಸಂಜೆ ಶಾಲೆಯಿಂದ ಬಂದವರೇ ನಮ್ಮ ಅಂಗಳದಲ್ಲಿ ಕಾಲು ಅಗಲಿಸಿ ನಿಂತು, ಹೊರಸಿನ ಕಡೆ ಮುಖ ಮಾಡಿ, "ಭೌ!" ಎಂದರು. ಶೇರ್ಯಾ ಇನ್ನೂ ಹಿಂದಕ್ಕೆ ಸರಿಯಿತು. ಧ್ವನಿ ಸಾಲದಾಯಿತೇನೋ ಎಂದು ಮೇಷ್ಟ್ರು ಎದೆ ತುಂಬ ಉಸಿರು ತೆಗೆದುಕೊಂಡು, "ಭೌ! ಭೌ! ಭೌ!" ಎಂದರು. ನಾನು ಕೈಮುಗಿದು ಹೇಳುತ್ತೇನೆ, ಅಷ್ಟು ಚೆಂದದ ಬೊಗಳು ನಾನು ನಾಯಿಗಳಿಂದಲೂ ಕೇಳಿರಲಿಲ್ಲ. ಓಣಿಯ ಬೀದಿನಾಯಿಗಳಿಗೂ ಹಾಗೇ ಅನ್ನಿಸಿರಬೇಕು. ಒಂದು ಉತ್ತರ ಕೊಟ್ಟಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಊರಿನ ನಾಯಿಗಳೆಲ್ಲಾ ನಮ್ಮ ಬಾಗಿಲ ಮುಂದೆ ಸೇರಿ, ತಮ್ಮ ಓಣಿಗೆ ಬಂದ ಈ ಹೊಸ ನಾಯಿ ಯಾವುದು ಎಂದು ಕೇಳತೊಡಗಿದವು. ಮೇಷ್ಟ್ರಿಗೆ ಎದುರಿಗೇ ಇದ್ದ ತಮ್ಮ ಮನೆಗೆ ಹೋಗಲು ದಾರಿಯಿಲ್ಲ. ಕತ್ತಲಾಗುವತನಕ ನನ್ನ ಹೊರಸಿನ ಮೇಲೆ ಕಾಲು ಮೇಲಕ್ಕೆತ್ತಿ ಕೂತರು. ಕೆಳಗೆ ಶೇರ್ಯಾ, ಮೇಲೆ ಮೇಷ್ಟ್ರು.

ಖಾಲಾ ಗೋಡೆಯ ಮೇಲಿಂದ ನೋಡಿ ಅಂದರು: "ಮಾಸ್ಟರ್ ಸಾಬ್, ನಾಯಿ ನಾಪಾಸಾತು. ಆದ್ರ ನೀವು ಪಾಸಾದ್ರಿ ನೋಡ್ರಿ."

ರಾಯಚೂರಿನ ಹವಾಲ್ದಾರರು

ಇತ್ತ ಅವ್ವ ಸುಮ್ಮನೆ ಕೂತಿರಲಿಲ್ಲ. ಮಾನ್ವಿಯಿಂದ ಯಾರೇ ದೇವದುರ್ಗದ ಸಂತೆಗೆ ಬಂದರೂ ಅವರ ಬಾಯಲ್ಲಿ ಒಂದೇ ಪ್ರಶ್ನೆ ಕಳಿಸುತ್ತಿದ್ದಳು: "ನಾಯಿ ಇಲ್ಲೀತನಕ ಯಾರಿಗೆ ಕಚ್ಚ್ಯಾದ?" ನಾನು, "ಇನ್ನಾ ಮನಸ್ಸು ಮಾಡಿಲ್ಲ ಅಂತ ಹೇಳ್ರಿ," ಎಂದು ಕಳಿಸುತ್ತಿದ್ದೆ.

ರಾಯಚೂರಿನಲ್ಲಿ ಕೋಟೆಯ ದರವಾಜದ ಹಿಂದೆ ಒಬ್ಬ ಹವಾಲ್ದಾರರು ಇದ್ದಾರೆ, ಮಿಲಿಟರಿಯಲ್ಲಿ ನಾಯಿಗಳಿಗೆ ಕಲಿಸಿ ಬಂದವರು ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ರಜೆ ಹಾಕಿ ಶೇರ್ಯಾನನ್ನು ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನಿಂದ ಟಾಂಗಾ ಮಾಡಿದೆ. ಕುದುರೆಯನ್ನು ಕಂಡು ಶೇರ್ಯಾ ನನ್ನ ಸೀರೆಯ ನೆರಿಗೆಯೊಳಗೆ ಹೊಕ್ಕಿತು. ಕುದುರೆ ಅದರ ಕಡೆ ನೋಡಲೂ ಇಲ್ಲ, ಇದನ್ನು ಕುದುರೆಯ ಪರವಾಗಿ ಹೇಳಬೇಕು.

ಹವಾಲ್ದಾರರು ಎತ್ತರದ ಆಳು, ಬೆಳ್ಳನೆ ಮೀಸೆ. ಶೇರ್ಯಾನನ್ನು ಮೇಲಿಂದ ಕೆಳಗೆ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಕೋಟೆಯ ಗೋಡೆಗೆ ಬಡಿದು ತಿರುಗಿ ಬರುವಂಥ ಧ್ವನಿಯಲ್ಲಿ ಕೂಗಿದರು: "ಬೈಠ್!"

ನಾನು ನೆಲದ ಮೇಲೆ ಕೂತೆ. ಕೂರಬೇಕೆಂದು ಕೂತದ್ದಲ್ಲ, ಕಾಲು ತಾವೇ ಮಡಚಿಕೊಂಡವು. ಬಾಗಿಲಲ್ಲಿ ನಿಂತಿದ್ದ ಟಾಂಗಾದವನೂ ಕೂತ. ಒಳಗಿನಿಂದ ಚಹಾ ಹಿಡಿದು ಬರುತ್ತಿದ್ದ ಅವರ ಹೆಂಡತಿ ಹೊಸ್ತಿಲ ಮೇಲೆಯೇ ಕೂತರು, ಕೈಯಲ್ಲಿದ್ದ ಕಪ್ಪು ಬಸಿ ಅಲುಗಲಿಲ್ಲ. ಶೇರ್ಯಾ ಒಂದು ಮಾತ್ರ ಕೂರದೆ ಓಡಿ ಹೋಗಿ ಟಾಂಗಾದ ಅಡಿ ನಿಂತಿತ್ತು.

ಹವಾಲ್ದಾರರು ಟಾಂಗಾದ ಕೆಳಗೆ ಬಗ್ಗಿ ನೋಡಿದರು. ಅವರ ಮುಖ ಮೆತ್ತಗಾಯಿತು. ಧ್ವನಿಯನ್ನೂ ತಗ್ಗಿಸಿದರು.

"ತಪ್ಪು ನಂದ್ರಿ. ಇದಕ್ಕ ಹುಕುಂ ನಡೆಯಂಗಿಲ್ಲ. ಅಂಜೋ ಜೀವಾನ ಅಂಜಿಕಿ ಮುಂದ ಎಳಕೊಂಡು ಹೋಗಿ ನಿಂದ್ರಿಸಬಾರದು. ದೂರ ಕುಂಡ್ರಿಸ್ರಿ. ಅಲ್ಲಿಂದ ನೋಡ್ಲಿ. ನೋಡಾಕತ್ತಾಗ ಬಾಯಿಗೆ ಏನರ ಹಾಕ್ರಿ. ನಾಳಿಗೆ ಒಂದೀಟು ಹತ್ರ. ಹೊಸಾ ಮಂದಿ ಕೂಡ ಅದರ ಕಣ್ಣಾಗ ಕಣ್ಣಿಟ್ಟು ನೋಡಬಾರದು. ಬೆನ್ನ ತಿರುಗಿಸಿ ನಿಂತು, ಹಿಂದ ಕೈ ಮಾಡಿ ರೊಟ್ಟಿ ತುಣುಕ ಹಿಡಿಬೇಕು. ತಾನಾಗಿ ಬರ್ಲಿ. ಅವಸರ ಮಾಡಿದ್ರೋ, ಮೊದಲಿನಿಂದ ಮತ್ತ ಶುರು."

ಇದನ್ನೆಲ್ಲಾ ಅವರು ನಿಧಾನವಾಗಿ, ಒಂದೊಂದಾಗಿ ಬಿಡಿಸಿ ಹೇಳಿದರು. ನಾನು ತಲೆಯಾಡಿಸುತ್ತ ಕೇಳಿದೆ. ಒಂದು ನಾಯಿಯ ಬಗ್ಗೆ ಅಷ್ಟು ಅಂತಃಕರಣದಿಂದ ಮಾತಾಡುವವರನ್ನು ನಾನು ಮೊದಲ ಸಲ ಕಂಡದ್ದು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಾತು ಮುಗಿದ ಮೇಲೆ ಹೊಸ್ತಿಲ ಕಡೆಯಿಂದ ಅವರ ಹೆಂಡತಿಯ ದನಿ ಬಂತು:

"ಏನ್ರಿ, ನಾವಿನ್ನ ಏಳಬೌದೇನು? ಚಾ ಆರಾಕತ್ತದ."

ಬೆನ್ನು ತಿರುಗಿಸಿದ ಓಣಿ

ಊರಿಗೆ ಬಂದು ಓಣಿಯ ಹೆಣ್ಣುಮಕ್ಕಳಿಗೆ ಎಲ್ಲಾ ಹೇಳಿದೆ. ಅವರಿಗೂ ನಾನು ಮಾನ್ವಿಗೆ ಹೋಗುವುದು ಬೇಡವಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬ್ಯಾನೆ ಶುರುವಾದರೆ ಬಾಗಿಲು ತೆಗೆಯುವ ಮನೆ ನಮ್ಮದೊಂದೇ. ಬ್ಯಾನೆ ಎಂದರೆ ಹೆರಿಗೆ ನೋವು. ಹಾಗಾಗಿ ಎಲ್ಲರೂ ಒಪ್ಪಿದರು. ದಿನಾ ರೊಟ್ಟಿ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಓಣಿಗೆ ಬೆನ್ನು ಮಾಡಿ, ಹಿಂದೆ ಕೈಯಲ್ಲಿ ರೊಟ್ಟಿ ತುಣುಕು ಹಿಡಿದು, ಉಸಿರು ಬಿಗಿಹಿಡಿದು ನಿಲ್ಲಬೇಕು. ಮಾತಾಡುವಂತಿಲ್ಲ. ನಾನು ಶೇರ್ಯಾನನ್ನು ಸಡಿಲು ಹಗ್ಗದಲ್ಲಿ ಹಿಡಿದು ಓಣಿಯ ನಡುವೆ ನಿಲ್ಲುತ್ತಿದ್ದೆ. ಮೊದಲು ಅದು ಮೂಸಿ ನೋಡಿ ಓಡಿ ಬರುತ್ತಿತ್ತು. ಆಮೇಲೆ ನೆಲದ ಮೇಲೆ ಬಿದ್ದದ್ದನ್ನು ತಿನ್ನತೊಡಗಿತು. ಕೈಯಿಂದ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಅದೇ ದಿನಗಳಲ್ಲಿ ಮೇಷ್ಟ್ರ ತಂಗಿಯನ್ನು ನೋಡಲು ಸಿಂಧನೂರು ಕಡೆಯಿಂದ ಗಂಡಿನವರು ಬಂದರು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು, ಅದೇ ತಪ್ಪಾದದ್ದು. ಓಣಿಗೆ ಕಾಲಿಟ್ಟು ನೋಡುತ್ತಾರೆ: ಎಲ್ಲಾ ಬಾಗಿಲಲ್ಲೂ ಹೆಂಗಸರು. ಒಬ್ಬರೂ ಬರ್ರಿ ಎನ್ನಲಿಲ್ಲ, ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರೂ ಬೆನ್ನು ತೋರಿಸಿ, ಹಿಂದೆ ಕೈಯಲ್ಲಿ ರೊಟ್ಟಿ ಹಿಡಿದು ನಿಂತಿದ್ದಾರೆ. ನಾನು ನೋಡಿದೆ, ಆದರೆ ನಾನು ಕೂಗಿದರೆ ಶೇರ್ಯಾ ಹಗ್ಗ ಹರಿದುಕೊಂಡು ಓಡುತ್ತದೆ. ಕಣ್ಣು ಸನ್ನೆ ಮಾಡಿದೆ. ಅವರು ಅದನ್ನು ಬೇರೆ ತಿಳಿದುಕೊಂಡರು.

ಗಂಡಿನವರ ಮುಂದಾಳು ಒಬ್ಬ ಮುದುಕಿ, ಹುಡುಗನ ಸೋದರತ್ತೆ. ಆಕೆ ತಮ್ಮವರಿಗೆ ಪಿಸುಗುಟ್ಟಿದಳು, ನನಗೆ ಕೇಳಿಸಿತು: "ಸುಮ್ನ ಇರ್ರಿ. ದೇವದುರ್ಗದಾಗ ಬೀಗರಿಗೆ ಹಿಂಗ ಮಾಡೋ ಪದ್ಧತಿ ಇರಬೇಕು. ನಾವು ತಿಳಿಲಾರದವರಂಗ ಆಗಬಾರದು." ಹಾಗೆಂದು ಮುಂದೆ ಬಂದು, ಖಾಲಾ ಅವರ ಬಾಗಿಲಲ್ಲಿ ತಾನೂ ಬೆನ್ನು ತಿರುಗಿಸಿ ನಿಂತು, ಹಿಂದೆ ಕೈ ಮಾಡಿ, ತಡವರಿಸಿ ತಡವರಿಸಿ ರೊಟ್ಟಿ ತೆಗೆದುಕೊಂಡಳು.

ಖಾಲಾಗೆ ಖುಷಿ ತಡೆಯಲಾಗಲಿಲ್ಲ. ತಿರುಗದೆಯೇ ಕೂಗಿದರು: "ಶಾಬಾಶ್ ನನ್ನ ಬೇಟಾ! ಅಂತೂ ಇವತ್ತ ಕೈಯಾಗಿಂದ ತಿಂದಿ!"

ಸೋದರತ್ತೆ ರೊಟ್ಟಿ ಅಗಿಯುತ್ತ, ಬೆನ್ನು ತಿರುಗಿಸಿಕೊಂಡೇ, ಮರ್ಯಾದೆಯಿಂದ ಕೇಳಿದಳು: "ಹೌದ್ರವ್ವಾ. ಪಲ್ಯಾ ಮುಂದಿನ ಮನ್ಯಾಗ ಕೊಡ್ತಾರೇನು?"

ಗಬ್ಬೂರಿನ ಸೂಜಿ

ಶೇರ್ಯಾಗೆ ಓಣಿಯ ಅಂಜಿಕೆ ಕಡಿಮೆಯಾಯಿತು. ಖಾಲಾ, ಮೇಷ್ಟ್ರ ಮನೆಯವರು, ಎಲ್ಲರ ಕೈಯಿಂದಲೂ ಶೇರ್ಯಾ ತಿನ್ನತೊಡಗಿತು. ರೊಟ್ಟಿಯ ಸದ್ದು ಬಂದರೆ ಬಾಲ ಅಲ್ಲಾಡಿಸತೊಡಗಿತು. ಇನ್ನು ಹೊಸ ಊರು ತೋರಿಸೋಣ ಎಂದು ಒಂದು ದಿನ ಗಬ್ಬೂರಿಗೆ ಕರೆದುಕೊಂಡು ಹೋದೆ. ಅಂದು ಅಲ್ಲಿ ಮಕ್ಕಳಿಗೆ ಸೂಜಿ ಹಾಕುವ ಕೆಲಸ ಇತ್ತು.

ನಾನು ಬಸ್ಸಿಳಿದರೆ ಗಬ್ಬೂರಿನಲ್ಲಿ ಮಕ್ಕಳು ಓಡುತ್ತಿದ್ದವು. ಅವತ್ತೂ ಓಡಿದವು. ಮಕ್ಕಳು ಓಡುವುದನ್ನು ಕಂಡು, ಅವು ಯಾವುದಕ್ಕೋ ಅಂಜಿ ಓಡುತ್ತಿವೆ, ಅಲ್ಲಿ ಏನೋ ಇದೆ ಎಂದು ಶೇರ್ಯಾನೂ ಹಗ್ಗ ಬಿಡಿಸಿಕೊಂಡು ಅವರ ಹಿಂದೆಯೇ ಓಡಿತು. ಏನೋ ಅಂದರೆ ನಾನು. ನಾನು ಎಲ್ಲರನ್ನೂ ಹುಡುಕುತ್ತ ಹೋದೆ. ಒಂದು ಮನೆಯ ಹೊರಸಿನ ಕೆಳಗೆ ಬಗ್ಗಿ ನೋಡಿದರೆ ಒಬ್ಬ ಹುಡುಗಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಶೇರ್ಯಾ. ಹುಡುಗಿ ಅದರ ಕಿವಿ ಸವರುತ್ತ ಸಮಾಧಾನ ಮಾಡುತ್ತಿದ್ದಳು: "ಅಳಬ್ಯಾಡ. ನಿನಗ ಹಾಕಂಗಿಲ್ಲ. ಹಾಕಿದ್ರೂ ಇರುವಿ ಕಚ್ಚಿದಂಗ ಅಷ್ಟ. ನಾ ತೋರಸ್ತೀನಿ ನೋಡು."

ಹೊರಗೆ ಬಂದು ತಾನಾಗಿಯೇ ತೋಳು ಚಾಚಿದಳು. ಅವಳನ್ನು ನೋಡಿ ಉಳಿದ ಮಕ್ಕಳೂ ನಾಯಿಗೆ ಧೈರ್ಯ ಹೇಳಲು ಸಾಲಾಗಿ ನಿಂತವು. ಯಾರಿಗೂ ಅಳು ಬರಲಿಲ್ಲ. ನಾಯಿಯ ಮುಂದೆ ಅತ್ತರೆ ಮರ್ಯಾದೆ ಹೋಗುತ್ತದಲ್ಲ. ನನ್ನ ನೌಕರಿಯಲ್ಲಿ ಅಷ್ಟು ಸಲೀಸಾಗಿ ಕೆಲಸ ಮುಗಿದದ್ದು ಅವತ್ತೇ.

ಇದನ್ನೆಲ್ಲಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: "ಖರೇ ಹೇಳು ಯವ್ವಾ. ಮನ್ಯಾಗ ಆ ಮೂಕಪ್ರಾಣಿಗೆ ದಿನಾ ಸೂಜಿ ಹಾಕ್ತಿ ಹೌದಿಲ್ಲೋ? ಇಲ್ಲಂದ್ರ ತನ್ನ ಬಾಯಾರನ್ನ ಕಂಡು ಯಾವ ನಾಯಿ ಹಂಗ ಓಡತದ?"

ಹುಲಿ ಬಂದ ದಿನ

ನಮ್ಮ ಕಡೆ ಮೊಹರಂ ಎಂದರೆ ಎಲ್ಲಾ ಜಾತಿಯವರ ಹಬ್ಬ. ಹಲಗೆ ಬಾರಿಸುತ್ತಾರೆ, ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹುಲಿಯ ವೇಷ ಹಾಕಿ ಮನೆಮನೆಯ ಮುಂದೆ ಕುಣಿಯುತ್ತಾರೆ. ಶೇರ್ಯಾನ ಗತಿ ಏನು ಎಂದು ಓಣಿಗೆಲ್ಲಾ ಚಿಂತೆ. ಹವಾಲ್ದಾರರು ಹೇಳಿದಂತೆ ನಾನು ಮೊದಲಿನಿಂದಲೇ ತಯಾರಿ ನಡೆಸಿದ್ದೆ. ಹಲಗೆಯವರು ಪಾಪ, ಊರ ಹೊರಗೆ ಮೆಲ್ಲಗೆ ಬಾರಿಸುವರು, ನಾನು ದೂರ ಕೂತು ಶೇರ್ಯಾಗೆ ರೊಟ್ಟಿ ಕೊಡುವೆ. ಹಲಗೆಯ ಸದ್ದಿಗೆ ಅದು ಒಗ್ಗಿತು. ಆದರೆ ಹುಲಿಯನ್ನು ಎಲ್ಲಿಂದ ತರಲಿ?

ಹಬ್ಬದ ದಿನ ಹುಲಿ ನಮ್ಮ ಬಾಗಿಲಿಗೂ ಬಂತು. ಹಳದಿ ಮೈ, ಕರೀ ಪಟ್ಟೆ, ಉದ್ದ ಬಾಲ, ಘರ್ ಎಂಬ ಸದ್ದು. ಶೇರ್ಯಾ ಹೊಸ್ತಿಲಲ್ಲಿ ಕಲ್ಲಿನಂತೆ ನಿಂತಿತ್ತು. ಓಡಲೂ ಮರೆತಿತ್ತು. ಹುಲಿ ಒಂದು ಸುತ್ತು ಕುಣಿದು ಇತ್ತ ತಿರುಗಿತು. ಶೇರ್ಯಾನನ್ನು ಕಂಡಿತು. ಕಂಡದ್ದೇ, "ಯವ್ವಾ! ನಾಯಿ!" ಎಂದು ಕಿರುಚಿ ಒಂದೇ ನೆಗೆತಕ್ಕೆ ಖಾಲಾ ಅವರ ಗೋಡೆ ಹತ್ತಿ ಕೂತಿತು. ಸಣ್ಣವನಿದ್ದಾಗ ನಾಯಿ ಕಚ್ಚಿತ್ತಂತೆ, ಆಮೇಲೆ ತಿಳಿಯಿತು.

ತನ್ನನ್ನು ನೋಡಿ ಒಬ್ಬರು ಅಂಜಿದ್ದು ಶೇರ್ಯಾನ ಜನ್ಮದಲ್ಲಿ ಅದೇ ಮೊದಲು. ಅದಕ್ಕೆ ನಂಬಿಕೆ ಬರಲಿಲ್ಲ. ತನ್ನ ಬೆನ್ನ ಹಿಂದೆ ಯಾವ ದೊಡ್ಡ ನಾಯಿ ಬಂದು ನಿಂತಿದೆಯೋ ಎಂದು ಗಾಬರಿಯಿಂದ ತಿರುಗಿ ನೋಡಿ, ಹೊರಸಿನ ಕೆಳಗೆ ಓಡಿತು.

ಅವ್ವನ ಪರೀಕ್ಷೆ

ಯುಗಾದಿಯ ಮುಂದೆ ಅವ್ವ ಬಂದಳು. ನೀರಮಾನ್ವಿ ಎಲ್ಲಮ್ಮನಿಗೆ ಕಾಯಿ ಒಡೆಸಿ, ಮಗಳ ನಾಯಿ ಗಟ್ಟಿಯಾಗಿರಲಿ ಎಂದು ಬೇಡಿಕೊಂಡು ಬಂದಿದ್ದಳು. ದೇವರ ಮುಂದೆ ಹಾಗೆ ಬೇಡಿಕೊಂಡವಳು ನನ್ನ ಮುಂದೆ ಮಾತ್ರ ಬಿಗಿಯಾಗಿಯೇ ಇದ್ದಳು. ಬರುವಾಗಲೇ ನನ್ನ ಪೆಟ್ಟಿಗೆ ಕಟ್ಟಲು ಹೊಸ ಹಗ್ಗ ತಂದಿದ್ದಳು.

ಅವ್ವನಿಗೆ ಶೇರ್ಯಾ ಬೊಗಳಲಿಲ್ಲ, ಓಡಲೂ ಇಲ್ಲ. ದೂರ ನಿಂತು ಮೂಸಿ, ನಿಧಾನಕ್ಕೆ ಹತ್ತಿರ ಬಂದು ಅವಳ ಸೀರೆಯ ಸೆರಗು ಮೂಸಿತು. ಆ ಮಟ್ಟಿಗೆ ಅದು ಕಲಿತಿತ್ತು, ನನಗೆ ಕಣ್ಣಲ್ಲಿ ನೀರೇ ಬಂತು. ಅವ್ವ ಮೂಗು ಮುರಿದಳು. "ಬೀಗರು ಬಂದಂಗ ನೋಡತದಲ್ಲ. ಇದೇನು ಕಾಯತದ?"

ನನಗೆ ತಿಳಿಯದ ಸಂಗತಿ ಏನೆಂದರೆ, ಅವ್ವ ಒಬ್ಬಳೇ ಬಂದಿರಲಿಲ್ಲ. ನನ್ನ ಸೋದರಮಾವನನ್ನೂ ಕರೆತಂದು ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂರಿಸಿ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಆತ ಕಂಬಳಿ ಮುಸುಕು ಹಾಕಿಕೊಂಡು ನಮ್ಮ ಹಿತ್ತಲ ಗೋಡೆ ಹಾರಬೇಕು, ನಾಯಿ ಏನು ಮಾಡುತ್ತದೆ ನೋಡಬೇಕು, ಇದು ಅಕ್ಕ ತಮ್ಮ ಮಾಡಿದ ಏರ್ಪಾಡು. ಮಾವ ಸಾಧು ಮನುಷ್ಯ. ಗೋಡೆ ಹತ್ತಿ ಅಭ್ಯಾಸವಿಲ್ಲ, ಆದರೆ ಅಕ್ಕನ ಮಾತು ಮೀರಿಯೂ ಅಭ್ಯಾಸವಿಲ್ಲ.

ದೀಪ ಹಚ್ಚಿದೆ. ಹಿತ್ತಲಲ್ಲಿ ದಪ್ಪ್ ಎಂದು ಒಂದು ಕಲ್ಲು ಬಿತ್ತು. ಗೋಡೆಯ ಮೇಲೆ ಕರಿ ಕಂಬಳಿಯೊಂದು ಎದ್ದಿತು. ಶೇರ್ಯಾ ನೋಡಿತು. ಕಿವಿ ಹಿಂದಕ್ಕೆ ಹೋದವು. ಬೊಗಳಲಿಲ್ಲ. ಬಾಲ ಹೊಟ್ಟೆಗೆ ಅಂಟಿಸಿಕೊಂಡು ಮುಂಬಾಗಿಲಿನಿಂದ ಬಾಣದ ಹಾಗೆ ಹೊರಗೆ ಓಡಿತು.

"ಆತು," ಎಂದಳು ಅವ್ವ, ಹಗ್ಗ ಕೈಗೆ ತೆಗೆದುಕೊಂಡು. "ಪೆಟ್ಟಿಗಿ ಎಲ್ಲಿ ಅದ?"

ಇಷ್ಟೆಲ್ಲಾ ಮಾಡಿ ಕೊನೆಗೆ ನೌಕರಿ ಹೋಯಿತಲ್ಲ ಎಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಆದರೆ ಹೊರಗೆ ಏನು ನಡೆಯುತ್ತಿತ್ತು ಎಂಬುದನ್ನು ಈಗ ಹೇಳಬೇಕು. ಮನೆಮನೆಯ ರೊಟ್ಟಿ ತಿಂದು ಶೇರ್ಯಾಗೆ ಓಣಿಯ ಎಲ್ಲಾ ಮನೆಯೂ ತನ್ನದಾಗಿತ್ತು, ಎಲ್ಲಾ ಹೊರಸಿನ ಕೆಳಗೂ ಜಾಗವಿತ್ತು. ಬೆಳಿಗ್ಗೆ ಬಾಲ ಅಲ್ಲಾಡಿಸುತ್ತ ಬಂದರೆ ಹಸಿವಾಗಿದೆ ಎಂದರ್ಥ. ನಡುಗುತ್ತ ಬಂದು, ಒಂದು ಹೊರಸಿನ ಕೆಳಗೆ ಹೊಕ್ಕು, ಅಲ್ಲಿ ಧೈರ್ಯ ಸಾಲದೆ ಎದ್ದು ಮುಂದಿನ ಮನೆಯ ಹೊರಸಿಗೆ ಓಡಿದರೆ, ನರ್ಸಬಾಯಿಯ ಮನೆಯಲ್ಲಿ ಯಾರೋ ಗುರುತಿಲ್ಲದವರು ಬಂದಿದ್ದಾರೆ ಎಂದರ್ಥ. ಇದು ಓಣಿಗೆಲ್ಲಾ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ, ಏಕೆಂದರೆ ಅಂಥ ಹೊತ್ತಿನಲ್ಲೆಲ್ಲಾ ನಾನು ನನ್ನ ಹೊರಸಿನ ಕೆಳಗೇ ಅದನ್ನು ಹುಡುಕುತ್ತಿದ್ದೆ.

ನಾನು ಪೆಟ್ಟಿಗೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹಿತ್ತಲಲ್ಲಿ ಗದ್ದಲ ಎದ್ದಿತು. ಖಾಲಾ ಒನಕೆ ಹಿಡಿದು ಬಂದಿದ್ದರು. ಮೇಷ್ಟ್ರು ಛತ್ರಿ. ಉಳಿದವರು ಕೈಗೆ ಸಿಕ್ಕಿದ್ದು. ಮಾವನ ಒಂದು ಕಾಲು ಗೋಡೆಯ ಆಚೆ, ಒಂದು ಈಚೆ. ಮೇಷ್ಟ್ರು ಈಚೆಯ ಕಾಲು ಹಿಡಿದು ಎಳೆಯುತ್ತಿದ್ದರು.

"ಬಿಡ್ರಪ್ಪೋ! ನಾ ಕಳ್ಳ ಅಲ್ಲ! ನಾ ಆಕಿ ಸೋದರಮಾವ!"

"ಹಿಡೀರಿ ಬಿಡಬ್ಯಾಡ್ರಿ!" ಎಂದರು ಖಾಲಾ. "ಎಲ್ಲಾ ಕಳ್ಳರೂ ಯಾರಿಗರ ಮಾವನ ಇರ್ತಾರ!"

ಗೋಡೆಗುಂಟ ಕಳ್ಳಿ ಬೇಲಿ ಇತ್ತು, ಮಾವ ಅದು ಇಲ್ಲದ ಕಡೆಗೇ ಬಿದ್ದದ್ದು ಎಲ್ಲಮ್ಮನ ದಯೆ. ಅವ್ವ ಓಡಿಹೋಗಿ ಅಡ್ಡ ನಿಂತಳು. "ಬಿಡ್ರಿ, ಬಿಡ್ರಿ! ಇವ ನನ್ನ ತಮ್ಮ!"

"ಹಂಗಾದ್ರ ಬಾಗಲಾ ಬಿಟ್ಟು ಗ್ವಾಡಿ ಯಾಕ ಹತ್ತಿದ?" ಎಂದು ಮೇಷ್ಟ್ರು ಕೇಳಿದರು. ನಾನೂ ಅವ್ವನ ಮುಖ ನೋಡಿದೆ. ಅವಳು ಬಗ್ಗಿ ಮಾವನ ಕಂಬಳಿಯ ಧೂಳು ಕೊಡವತೊಡಗಿದಳು. ಆಗಲೇ ನನಗೆ ಎಲ್ಲಾ ತಿಳಿದದ್ದು.

ಎಲ್ಲರೂ ಚಹಾ ಕುಡಿದು ಹೋದರು. ಮಾವನ ಮೊಣಕಾಲಿಗೆ ಅರಿಸಿನ ಹಚ್ಚಿ, ಹೊರಸಿನ ಮೇಲೆ ಮಲಗಿಸಿದೆ. ಅವ್ವ ಇನ್ನೂ ಹಗ್ಗ ಕೆಳಗಿಟ್ಟಿರಲಿಲ್ಲ. "ಓಣಿ ಛಲೋ ಅದ, ಅದಕ್ಕ ಇಲ್ಲ ಅನ್ನಂಗಿಲ್ಲ. ಆದ್ರ ಇದು ನಾಯಿ ಮಾಡಿದ್ದಲ್ಲ. ಅವರು ಹೆಂಗೋ ನೋಡ್ಯಾರ, ಬಂದಾರ. ದಿನಾ ನೋಡ್ತಾರೇನು?" ಎಂದಳು.

ಅಷ್ಟು ಹೊತ್ತಿಗೆ ಶೇರ್ಯಾ ಸದ್ದಿಲ್ಲದೆ ಮನೆಗೆ ಬಂದು ಹೊರಸಿನ ಕೆಳಗೆ ಸೇರಿತ್ತು, ಯಾರೂ ಗಮನಿಸಲಿಲ್ಲ. ಮಾವನ ಕೈ ಹೊರಸಿನಿಂದ ಕೆಳಗೆ ಇಳಿಬಿದ್ದಿತ್ತು. ಆ ಕೈ ಯಾರದೋ, ಆದರೆ ಬೆನ್ನು ತಿರುಗಿಸಿ ಮಲಗಿದವರದು, ತನ್ನ ಕಡೆ ನೋಡುತ್ತಿಲ್ಲ. ಶೇರ್ಯಾ ಕಲಿತ ಪಾಠದಂತೆ ಹತ್ತಿರ ಬಂದು, ಧೈರ್ಯ ಮಾಡಿ, ಜೀವನದಲ್ಲಿ ಮೊದಲ ಸಲ ಗುರುತಿಲ್ಲದ ಮನುಷ್ಯನ ಕೈ ನೆಕ್ಕಿತು.

ಮಾವ, "ಅಯ್ಯಯ್ಯೋ ಸತ್ತೆ!" ಎಂದು ಚೀರಿ ಹೊರಸಿನ ಮೇಲೆ ಎದ್ದು ನಿಂತ. ಆ ಚೀರಾಟಕ್ಕೆ ಶೇರ್ಯಾ ಮುಂಬಾಗಿಲಿನಿಂದ ಹೊರಗೆ. ಖಾಲಾ ಮನೆ, ಮೇಷ್ಟ್ರ ಮನೆ, ಅದರಾಚೆಯ ಮನೆ. ಅವ್ವ ಬಾಗಿಲಲ್ಲಿ ನಿಂತು ಈ ಸಲ ಎಲ್ಲವನ್ನೂ ತನ್ನ ಕಣ್ಣಾರೆ ನೋಡಿದಳು: ನಾಯಿ ಒಂದೊಂದು ಮನೆ ಹೊಕ್ಕ ಹಾಗೆ, ಆ ಮನೆಯಿಂದ ಒಬ್ಬೊಬ್ಬರು ಕಟ್ಟಿಗೆ ಹಿಡಿದು ಹೊರಬೀಳುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಒನಕೆಯೊಡನೆ ಖಾಲಾ.

ಅವ್ವ ಎರಡೂ ಕೈ ಅಡ್ಡ ಚಾಚಿ ಬಾಗಿಲಲ್ಲಿ ನಿಂತಳು.

"ಸಾಕ್ರವ್ವಾ, ಸಾಕು! ತಿಳೀತು ನನಗ! ಮಗಳು ಇಲ್ಲೇ ಇರ್ಲಿ, ನೌಕರಿ ಮಾಡ್ಲಿ. ನಾನ ನನ್ನ ತಮ್ಮನ್ನ ಕರಕೊಂಡು ಮಾನ್ವಿಗೆ ಹೋಗ್ತೀನಿ. ಈ ಊರಾಗ ಅವನ್ನ ಒಬ್ಬನ್ನ ಬಿಡಾಕ ನನಗ ಧೈರ್ಯ ಇಲ್ಲ!"